ಹಾಕಿದ್ದೀಯ ಸರಿ, ನೋಡಿದೆಯಾ?

ಪುಟ್ಟಿ,

ನಿನ್ನೆ ಫೋನಿನಲ್ಲಿ ಗಾಡಿಯ ಮಾತು ಬಂದ ಹೊತ್ತಿಗೇ ಕೂಸು ಎದ್ದು ಅತ್ತಿತು, ನೀನು ಓಡಿದೆ, ಮಾತು ಅರ್ಧಕ್ಕೇ ಉಳಿಯಿತು. ಉಳಿದದ್ದನ್ನು ಬರೆದು ಕಳಿಸುತ್ತಿದ್ದೇನೆ. ಮಗು ಮಲಗಿದಾಗ ಓದಿಕೋ.

ನೀವು ನವೆಂಬರ್ ಮೊದಲ ವಾರ ಮೈಸೂರಿಗೆ ಹೊರಟರೆ ಹಿಂದಿರುಗುವುದು ಯುಗಾದಿ ಕಳೆದ ಮೇಲೆ. ಹೆಚ್ಚುಕಡಿಮೆ ಐದು ತಿಂಗಳು ನಿಮ್ಮ ಮೋಟಾರ್‌ಹೋಮ್ ಮಿಷಿಗನ್ನಿನ ಚಳಿಯಲ್ಲಿ ಮನೆಯ ಪಕ್ಕ ಒಂಟಿಯಾಗಿ ನಿಂತಿರುತ್ತದೆ. "ನೀರಿನ ಪೈಪಿಗೆಲ್ಲ ಗುಲಾಬಿ ಬಣ್ಣದ ಆಂಟಿಫ್ರೀಜ್ ಹಾಕಿಸಿದ್ದೀವಿ ಚಿಕ್ಕಪ್ಪ, ಟೈರಿಗೆ ಕವರ್ ಹಾಕಿದ್ದೀವಿ, ಇನ್ನು ಬ್ಯಾಟರಿಗೆ ಪ್ಲಗ್ ಚುಚ್ಚಿಟ್ಟು ಹೋದರೆ ಆಯ್ತಲ್ಲ" ಅಂದೆ. ಹಗುರವಾಗಿ ಅಂದ ಆ ಕೊನೆಯ ಮಾತು ನನ್ನನ್ನು ರಾತ್ರಿ ಬಹಳ ಹೊತ್ತು ಮಲಗಗೊಡಲಿಲ್ಲ. ಯಾಕೆಂದರೆ 2006ರಲ್ಲಿ ನಾನೂ ಪ್ಲಗ್ ಚುಚ್ಚಿಟ್ಟೇ ಹೋಗಿದ್ದೆ.

ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ತಾತನ ಅಂಗಡಿಗೆ ಹೋಗೋಣ. ನೀನು ಹುಟ್ಟುವ ಮೊದಲೇ ಮುಚ್ಚಿದ ಅಂಗಡಿ ಅದು, ನೀನು ನೋಡಿಲ್ಲ.

ಅರಸೀಕೆರೆ ಬಸ್ ನಿಲ್ದಾಣದ ಹಿಂದೆ ತಗಡಿನ ಮಾಡಿನ ಒಂದೇ ಕೋಣೆ. ಕೊಬ್ಬರಿ ಸಾಗಿಸುವ ಲಾರಿ, ಟ್ರ್ಯಾಕ್ಟರು, ಜೀಪು, ಎಲ್ಲದರ ಬ್ಯಾಟರಿಯೂ ಅಲ್ಲಿಗೇ ಬರುತ್ತಿತ್ತು. ಮರದ ಹಲಗೆಯ ಮೇಲೆ ಸಾಲಾಗಿ ಇಟ್ಟು, ಒಂದರ ಪಾಸಿಟಿವ್‌ಗೆ ಇನ್ನೊಂದರ ನೆಗೆಟಿವ್ ಕಟ್ಟಿ, ರಾತ್ರಿಯೆಲ್ಲ ಚಾರ್ಜಿಗೆ ಬಿಡುತ್ತಿದ್ದರು. ಬೆಳಗ್ಗೆ ಬಾಗಿಲು ತೆರೆದರೆ ಆಸಿಡ್ಡಿನ ಘಾಟು ಮೂಗಿಗೆ ಬಡಿಯುತ್ತಿತ್ತು. ಅಪ್ಪನ ಪಂಚೆಗಳಲ್ಲಿ ತೂತಿಲ್ಲದ್ದು ಒಂದೂ ಇರಲಿಲ್ಲ. ಚಾರ್ಜರಿನ ದೀಪ ಉರಿಯುತ್ತಿದೆ ಎಂಬ ಒಂದೇ ಭರವಸೆಯ ಮೇಲೆ ಅವರು ಬ್ಯಾಟರಿಯನ್ನು ಗಿರಾಕಿಗೆ ಕೊಟ್ಟದ್ದಿಲ್ಲ. ಆರೂ ಸೆಲ್ಲಿನ ಮುಚ್ಚಳ ಬಿಚ್ಚಬೇಕು, ಹೈಡ್ರೋಮೀಟರಿನ ರಬ್ಬರ್ ಬುರುಡೆ ಅದುಮಿ ಆಸಿಡ್ ಎಳೆಯಬೇಕು, ಗಾಜಿನೊಳಗೆ ತೇಲುವ ಕಡ್ಡಿಯನ್ನು ಬೆಳಕಿಗೆ ಹಿಡಿದು ಗ್ರಾವಿಟಿ, ಅಂದರೆ ಆಸಿಡ್ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದನ್ನು, ಓದಬೇಕು, ಓದಿದ್ದನ್ನು ಸೀಮೆಸುಣ್ಣದಲ್ಲಿ ಬ್ಯಾಟರಿಯ ಮೈಮೇಲೇ ಬರೆಯಬೇಕು. ನನಗಾಗ ಹತ್ತು ವರ್ಷ. ಶಾಲೆಯಿಂದ ಬಂದು ಅವರ ಜೊತೆ ಕೈಜೋಡಿಸುತ್ತಿದ್ದೆ. "ಚಾರ್ಜಿಗೆ ಹಾಕಿದ್ದೀನಿ ಅಪ್ಪ" ಅಂದಾಗಲೆಲ್ಲ ಅವರದ್ದು ಒಂದೇ ಪ್ರಶ್ನೆ: "ಹಾಕಿದ್ದೀಯ ಸರಿ, ನೋಡಿದೆಯಾ?"

ಈಗ ನಿನ್ನ ಗಾಡಿ. ಅದರಲ್ಲಿರುವುದು ಎರಡು ಬಗೆಯ ಬ್ಯಾಟರಿ. ಬಾನೆಟ್ಟಿನ ಕೆಳಗಿನದು ಎಂಜಿನ್ ಬ್ಯಾಟರಿ. ಕೀ ತಿರುಗಿಸಿದಾಗ ಒಂದೆರಡು ಸೆಕೆಂಡು ನೂರಾರು ಆಂಪಿಯರ್ ದೂಡಿದರೆ ಅದರ ಕೆಲಸ ಮುಗಿಯಿತು. ಅದಕ್ಕೆಂದೇ ಅದರ ಪ್ಲೇಟುಗಳು ತೆಳು, ಲೆಕ್ಕದಲ್ಲಿ ಜಾಸ್ತಿ. ಬಾಗಿಲ ಮೆಟ್ಟಿಲಿನ ಕೆಳಗಿನ ಗೂಡಿನಲ್ಲಿ ಆರು ವೋಲ್ಟಿನವು ಎರಡಿವೆಯಲ್ಲ, ಅವು ಮನೆ ಬ್ಯಾಟರಿ. ಗಾಲ್ಫ್ ಗಾಡಿಗೆ ಹಾಕುವ ಜಾತಿ. ದೀಪ, ನೀರಿನ ಪಂಪು, ಫರ್ನೇಸಿನ ಫ್ಯಾನು ನಡೆಸುವುದು ಅವು. ಪ್ಲೇಟು ದಪ್ಪ, ಒಂದೊಂದೂ 28 ಕೆಜಿಯ ಆಸುಪಾಸು, ಎರಡೂ ಸೇರಿ 12 ವೋಲ್ಟಿನಲ್ಲಿ ಸುಮಾರು 220 ಆಂಪಿಯರ್-ಅವರ್. ಕೆಲಸ ಬೇರೆಯಾದರೂ ಹೊಟ್ಟೆಯಲ್ಲಿರುವುದು ಒಂದೇ, ಸೀಸ ಮತ್ತು ಗಂಧಕಾಮ್ಲ. 1859ರಲ್ಲಿ ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ ಸೀಸದ ಎರಡು ಹಾಳೆಗಳನ್ನು ಸುರುಳಿ ಸುತ್ತಿ ಆಸಿಡ್ಡಿನಲ್ಲಿ ಮುಳುಗಿಸಿದ ದಿನದಿಂದ ಅದರ ಮೂಲ ತತ್ವ ಬದಲಾಗಿಲ್ಲ.

ಬ್ಯಾಟರಿ ಕರೆಂಟು ಕೊಡುವಾಗ ಆಸಿಡ್ಡಿನ ಸಲ್ಫೇಟು ಹೋಗಿ ಪ್ಲೇಟಿಗೆ ಹತ್ತುತ್ತದೆ. ಚಾರ್ಜ್ ಮಾಡಿದಾಗ ಪ್ಲೇಟು ಬಿಟ್ಟು ಮತ್ತೆ ಆಸಿಡ್ಡಿಗೆ ಸೇರುತ್ತದೆ. ಇದು ತಡವಾಗಬಾರದು. ರಾಗಿಮುದ್ದೆ ತೊಳಸಿದ ಪಾತ್ರೆಯನ್ನು ನೆನಪು ಮಾಡಿಕೋ. ಮುದ್ದೆ ಇಳಿಸಿದ ಕೂಡಲೆ ನೀರು ಹಾಕಿಟ್ಟರೆ ಕೈಯಲ್ಲೇ ಬಿಟ್ಟುಬರುತ್ತದೆ. ಎರಡು ದಿನ ಒಣಗಲು ಬಿಟ್ಟರೆ ತೆಂಗಿನ ನಾರು ಹಾಕಿ ಉಜ್ಜಿದರೂ ಜಗ್ಗದು. ಪ್ಲೇಟಿನ ಮೇಲೆ ಹಾಗೆ ಗಟ್ಟಿಯಾಗುವುದು ಸೀಸದ ಸಲ್ಫೇಟಿನ ಹರಳು. ಬ್ಯಾಟರಿ ಖಾಲಿಯಾಗಿ ವಾರಗಟ್ಟಲೆ ಕೂತರೆ ಸಣ್ಣ ಹರಳು ದೊಡ್ಡದಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪೂರ್ತಿ ಕರಗುವುದಿಲ್ಲ, ಪ್ಲೇಟಿನ ಅಷ್ಟು ಜಾಗ ಶಾಶ್ವತವಾಗಿ ಹೋದಂತೆಯೇ. ಇಡೀ ಚಳಿಗಾಲ ಹಸಿದು ಕೂತ ಬ್ಯಾಟರಿ ವಸಂತದಲ್ಲಿ ಚಾರ್ಜ್ ಹಿಡಿದಂತೆ ಕಾಣುತ್ತದೆ, ವೋಲ್ಟೇಜೂ ಸರಿಯಾಗಿ ತೋರಿಸುತ್ತದೆ, ಮೊದಲ ರಾತ್ರಿ ಫರ್ನೇಸು ನಡೆಸಿದರೆ ನಡುರಾತ್ರಿಗೇ ಕೈಕೊಡುತ್ತದೆ.

ಇದರ ಮೇಲೆ ಇಲ್ಲಿಯ ಚಳಿ. ತುಂಬಿದ ಬ್ಯಾಟರಿಯ ಆಸಿಡ್ಡಿನ ಗ್ರಾವಿಟಿ 1.265ರ ಮೇಲಿರುತ್ತದೆ, ಅದು ಹೆಪ್ಪುಗಟ್ಟಬೇಕಾದರೆ ಮೈನಸ್ 50 ಡಿಗ್ರಿಗಿಂತಲೂ ಕೆಳಗೆ ಹೋಗಬೇಕು. ಮಿಷಿಗನ್ನಿನಲ್ಲಿ ಅಂಥ ಚಳಿ ಬರುವುದಿಲ್ಲ. ಖಾಲಿಯಾದದ್ದರಲ್ಲಿ ಸಲ್ಫೇಟೆಲ್ಲ ಪ್ಲೇಟಿಗೆ ಹತ್ತಿಕೊಂಡು, ಉಳಿಯುವುದು ಬಹುಪಾಲು ನೀರು. ಮೈನಸ್ 7, 8 ಡಿಗ್ರಿಗೇ ಅದು ಹೆಪ್ಪುಗಟ್ಟುತ್ತದೆ, ಜನವರಿಯಲ್ಲಿ ಇಲ್ಲಿ ಅದು ದಿನನಿತ್ಯದ ಚಳಿ. ಹಿಗ್ಗಿದ ಮಂಜುಗಡ್ಡೆ ಪ್ಲೇಟುಗಳನ್ನು ಬಾಗಿಸಿ, ಡಬ್ಬಿಯನ್ನು ಸೀಳಿ ಹಾಕುತ್ತದೆ. ಅದಕ್ಕೇ ಹೇಳುವುದು, ತುಂಬಿದ ಬ್ಯಾಟರಿಗೆ ಚಳಿ ಸ್ನೇಹಿತ, ಖಾಲಿಯದಕ್ಕೆ ಯಮ. ಸ್ನೇಹಿತ ಅಂದದ್ದು ಸುಮ್ಮನೆ ಅಲ್ಲ. ಯಾವ ಬ್ಯಾಟರಿಯೂ ತಂತಿ ಬಿಚ್ಚಿಟ್ಟರೂ ತನ್ನಷ್ಟಕ್ಕೇ ಸ್ವಲ್ಪ ಸ್ವಲ್ಪ ಇಳಿಯುತ್ತಿರುತ್ತದೆ. ಶಾಖ 10 ಡಿಗ್ರಿ ಏರಿದರೆ ಆ ಇಳಿತ ಹೆಚ್ಚುಕಡಿಮೆ ಇಮ್ಮಡಿ, ತಣ್ಣಗಿದ್ದರೆ ತುಂಬ ನಿಧಾನ. (ಅಣ್ಣನಿಗೂ ಹೇಳು. ಬೇಸಿಗೆಯಲ್ಲಿ ಮೈಸೂರಿನ ಮನೆಗೆ ಬೀಗ ಹಾಕಿ ನಿಮ್ಮಲ್ಲಿಗೆ ಬರುವಾಗ ಮೇನ್ ಸ್ವಿಚ್ ಆಫ್ ಮಾಡಿ ಇನ್ವರ್ಟರನ್ನು ಹಾಗೇ ಬಿಟ್ಟು ಬರುತ್ತಾನೆ. ಕಳೆದ ಸಲದ ಬ್ಯಾಟರಿ ಹೋದದ್ದು ಅದರಿಂದಲೇ. ತುಂಬಿಸಿ, ತಂತಿ ಬಿಚ್ಚಿಟ್ಟು ಬರಲಿ.)

ಇನ್ನು 2006ರ ಕಥೆ. ನಿನ್ನ ಅಜ್ಜಿಯ ವರ್ಷಾಬ್ದಿಕಕ್ಕೆ ನವೆಂಬರಿನಲ್ಲಿ ಊರಿಗೆ ಹೊರಟೆ. ಆಗ ನಮ್ಮದೂ ನಿಮ್ಮದರಂಥದ್ದೇ ಗಾಡಿ. ಗ್ಯಾರೇಜಿನ ಹೊರಗೋಡೆಯ ಪಾಯಿಂಟಿನಿಂದ ಎಕ್ಸ್‌ಟೆನ್ಷನ್ ಎಳೆದು ಗಾಡಿಗೆ ಚುಚ್ಚಿದೆ. ಒಳಗೆ ಬ್ಯಾಟರಿ ತುಂಬಿಸುವ ಕನ್ವರ್ಟರು ಗುಂಯ್ ಅನ್ನುವುದು ಕೇಳಿಸಿತು. ಇನ್ನೇನು ಬೇಕು ಅಂದುಕೊಂಡು ಬಾಗಿಲು ಹಾಕಿದೆ. ಪ್ಲಗ್ ಇದೆಯಲ್ಲ ಅಂತ ಬ್ಯಾಟರಿ ಬೇರ್ಪಡಿಸುವ ಸ್ವಿಚ್ಚನ್ನೂ ಒತ್ತಲಿಲ್ಲ. ಇಲ್ಲಿ ಹೊರಗಿನ ಪಾಯಿಂಟಿಗೆಲ್ಲ ಜಿಎಫ್‌ಸಿಐ ಇರುತ್ತದೆ, ನೋಡಿದ್ದೀಯ, ಟೆಸ್ಟ್ ರೀಸೆಟ್ ಎಂದು ಎರಡು ಗುಂಡಿ ಇರುವಂಥದ್ದು. ಐದು ಮಿಲಿಆಂಪಿಯರಿನಷ್ಟು ಕರೆಂಟು ಸೋರಿದರೂ ಸಾಕು, ಜೀವ ಉಳಿಸಬೇಕೆಂದು ಅದು ಲೈನು ಕಡಿದುಬಿಡುತ್ತದೆ. ಎಕ್ಸ್‌ಟೆನ್ಷನ್ನಿನ ಕೂಡಿಕೆಗೆ ಕರಗಿದ ಹಿಮದ ನೀರು ಇಳಿದಿತ್ತು. ಯಾವತ್ತು ಕಡಿಯಿತೋ, ನಾನು ಹೊರಟು ವಾರವಾಗಿತ್ತೋ ತಿಂಗಳಾಗಿತ್ತೋ, ಮನೆಯಲ್ಲಿ ನೋಡುವವರು ಯಾರಿದ್ದರು?

ಮಾರ್ಚ್ ಕೊನೆಗೆ ವಾಪಸು ಬಂದಾಗ ಅಪ್ಪನನ್ನೂ ಜೊತೆಗೆ ಕರೆತಂದಿದ್ದೆ. ಮ್ಯಾಕಿನಾ ಸೇತುವೆ ನೋಡಬೇಕೆಂದು ಅವರಿಗೆ ಬಹಳ ಆಸೆ. ಮಿಷಿಗನ್ ಸರೋವರವೂ ಹ್ಯೂರನ್ ಸರೋವರವೂ ಕೂಡುವ ಕಡೆ, 1957ರಲ್ಲಿ ತೆರೆದ ಐದು ಮೈಲಿ ಉದ್ದದ ಸೇತುವೆ. ಅದರ ಚಿತ್ರವನ್ನು ನಾನು ಕಳಿಸಿದ್ದ ಕ್ಯಾಲೆಂಡರಿನಿಂದ ಹರಿದು ಗೋಡೆಗೆ ಅಂಟಿಸಿಕೊಂಡಿದ್ದರು. ಕಾರಿನಲ್ಲಿ ನಾಲ್ಕೈದು ಗಂಟೆ ಕೂರಲು ಅವರ ಸೊಂಟ ಬಿಡುತ್ತಿರಲಿಲ್ಲ. ಮೋಟಾರ್‌ಹೋಮ್ ಆದರೆ ನಡುವೆ ಎಲ್ಲಾದರೂ ನಿಲ್ಲಿಸಿ ಕಾಲು ಚಾಚಬಹುದು, ಬಚ್ಚಲು ಜೊತೆಗೇ ಇರುತ್ತದೆ, ಮೇ ತಿಂಗಳಲ್ಲಿ ಹೋಗೋಣ ಅಂದಿದ್ದೆ. ಬ್ಯಾಟರಿ ಗೂಡಿನ ಬಾಗಿಲು ತೆರೆದರೆ ಎರಡೂ ಒಡೆದಿದ್ದವು. ಕರಗಿ ಸೋರಿದ ಆಸಿಡ್ ತಟ್ಟೆಯನ್ನು ತಿಂದು, ಕೆಳಗೆ ಹಾದುಹೋಗುವ ವೈರಿನ ಕಟ್ಟಿನ ಮೇಲೆ ಹರಿದಿತ್ತು. ಅಪ್ಪ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಆ ಪ್ರಶ್ನೆ ಕೇಳುತ್ತಾರೆ ಎಂದು ಕಾಯುತ್ತ ನಿಂತಿದ್ದೆ. ಕೇಳಲಿಲ್ಲ. "ಅಡುಗೆ ಸೋಡಾ ಇದ್ದರೆ ತಗೊಂಡು ಬಾ" ಅಂದರು, ನೀರಲ್ಲಿ ಕಲಸಿ ತಾವೇ ಸುರಿದು ಆಸಿಡ್ ಸಾಯಿಸಿದರು. ವೈರಿಂಗ್ ಸರಿಹೋಗುವಷ್ಟರಲ್ಲಿ ಜುಲೈ ಆಯಿತು. ಆ ಹೊತ್ತಿಗೆ ಅವರಿಗೆ ಮಂಡಿನೋವೂ ಸೇರಿಕೊಂಡು, ಊರಿಗೆ ಕಳಿಸು ಅನ್ನತೊಡಗಿದ್ದರು. ಸೇತುವೆ ನೋಡದೆಯೇ ಹೋದರು. ಮತ್ತೆ ಬರಲಿಲ್ಲ.

ಇದನ್ನು ನಿನ್ನ ಚಿಕ್ಕಮ್ಮನ ಹತ್ತಿರ ಬಿಟ್ಟರೆ ಯಾರ ಹತ್ತಿರವೂ ಹೇಳಿರಲಿಲ್ಲ. ನಿನಗೆ ಹೇಳುತ್ತಿರುವುದು ಬೇಸರ ಮಾಡಿಕೊಳ್ಳಲಿ ಎಂದಲ್ಲ, ಲೆಕ್ಕ ತಿಳಿಯಲಿ ಎಂದು. ಕರೆಂಟು ಹೋದ ಮೇಲೆ ಗಾಡಿಯೊಳಗೆ ಏನೇನು ಎಚ್ಚರವಾಗಿತ್ತು ಗೊತ್ತೇ? ಗ್ಯಾಸ್ ಸೋರಿಕೆ ಹಿಡಿಯುವ ಡಿಟೆಕ್ಟರು ಹಗಲೂ ರಾತ್ರಿ ಕರೆಂಟು ಎಳೆಯುತ್ತದೆ. ಫ್ರಿಜ್ಜಿನ ಕಂಟ್ರೋಲ್ ಬೋರ್ಡು, ರೇಡಿಯೋದ ಗಡಿಯಾರ, ಟಿವಿ ಆಂಟೆನಾದ ಬೂಸ್ಟರು, ಮಡಿಸುವ ಮೆಟ್ಟಿಲಿನ ಮೋಟಾರಿನ ಸರ್ಕ್ಯೂಟು, ಎಲ್ಲವೂ ಚೂರುಚೂರು. ಕೂಡಿದರೆ ಅರ್ಧ ಆಂಪಿಯರಿಗೆ ಸ್ವಲ್ಪ ಕಡಿಮೆ, 0.4 ಅಂತಿಟ್ಟುಕೋ. ದಿನಕ್ಕೆ 24 ಗಂಟೆ, ಅಲ್ಲಿಗೆ 9.6 ಆಂಪಿಯರ್-ಅವರ್. ನಿನ್ನ 220ರಲ್ಲಿ ಅರ್ಧ ಹೋಗಲು ಹನ್ನೊಂದು ಹನ್ನೆರಡು ದಿನ, ಪೂರ್ತಿ ಬರಿದಾಗಲು ಇಪ್ಪತ್ತಮೂರು ದಿನ. ಒಂದು ಬಲ್ಬೂ ಉರಿಯದೆ ಇಷ್ಟು. ಮುಂದಿನ ಎಂಜಿನ್ ಬ್ಯಾಟರಿಗೂ ಎಂಜಿನ್ನಿನ ಕಂಪ್ಯೂಟರಿನ ಕಾಟ ಇದ್ದೇ ಇದೆ. 50 ಮಿಲಿಆಂಪಿಯರ್ ಅಂದರೂ ಎರಡು ತಿಂಗಳಿಗೆ 70 ಆಂಪಿಯರ್-ಅವರ್ ದಾಟುತ್ತದೆ, ಅದರ ಹೊಟ್ಟೆಯಲ್ಲಿರುವುದೇ ಅಷ್ಟು.

ಪ್ಲಗ್ಗಿನ ಮೇಲಿನ ನಂಬಿಕೆಗೆ ಇನ್ನೂ ಎರಡು ಹಳ್ಳಗಳಿವೆ. ಗಾಡಿ ಕೊಳ್ಳುವಾಗ ಇವನ್ನು ಯಾರೂ ಹೇಳುವುದಿಲ್ಲ.

ಬಾಗಿಲ ಹತ್ತಿರ "ಸ್ಟೋರ್" ಎಂದು ಬರೆದ ಸ್ವಿಚ್ ಇದೆಯಲ್ಲ, ಮನೆ ಬ್ಯಾಟರಿಯನ್ನು ಬೇರ್ಪಡಿಸುವುದು, ಅದನ್ನು ಕೆಲವು ಗಾಡಿಗಳಲ್ಲಿ ಬ್ಯಾಟರಿಗೂ ಕನ್ವರ್ಟರಿಗೂ ನಡುವೆ ಕೂರಿಸಿರುತ್ತಾರೆ. ಅಂಥ ಗಾಡಿಯಲ್ಲಿ ಸ್ವಿಚ್ ಒತ್ತಿ, ಪ್ಲಗ್ಗೂ ಚುಚ್ಚಿದರೆ ಕನ್ವರ್ಟರು ಗುಂಯ್‌ಗುಟ್ಟುತ್ತದೆ, ದೀಪ ಹತ್ತುತ್ತದೆ, ಬ್ಯಾಟರಿಗೆ ಮಾತ್ರ ಒಂದು ಹನಿ ಕರೆಂಟೂ ಬರುವುದಿಲ್ಲ. ಸ್ವಿಚ್ ಒತ್ತಿದರೆ ಎಲ್ಲ ಲೋಡೂ ಕಡಿಯುತ್ತದೆ ಎಂದೂ ತಿಳಿಯಬೇಡ. ಗ್ಯಾಸ್ ಡಿಟೆಕ್ಟರು, ಮೆಟ್ಟಿಲು ಇಂಥವನ್ನು ಎಷ್ಟೋ ಗಾಡಿಗಳಲ್ಲಿ ಸೀದಾ ಬ್ಯಾಟರಿಗೇ ಕಟ್ಟಿರುತ್ತಾರೆ. ಎರಡನೆಯದು, ಹೊರಗಿನಿಂದ ಬರುವ ಕರೆಂಟು ಬಹಳ ಗಾಡಿಗಳಲ್ಲಿ ಮನೆ ಬ್ಯಾಟರಿಯನ್ನು ಮಾತ್ರ ತುಂಬಿಸುತ್ತದೆ. ಎಂಜಿನ್ ಬ್ಯಾಟರಿಗೆ ಅದು ತಲುಪುವುದೇ ಇಲ್ಲ. ಐದು ತಿಂಗಳು ಪ್ಲಗ್ ಇದ್ದೂ ಗಾಡಿ ಸ್ಟಾರ್ಟ್ ಆಗಲಿಲ್ಲ ಎಂದು ಎಷ್ಟು ಜನ ನನ್ನ ಹತ್ತಿರ ಹೇಳಿಕೊಂಡಿದ್ದಾರೆ.

ಇದಕ್ಕೆಲ್ಲ ಮದ್ದು ಹದಿನೈದು ಇಪ್ಪತ್ತು ಡಾಲರಿನ ಒಂದು ಮಲ್ಟಿಮೀಟರು. ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿ ಪಾಸಿಟಿವ್ ಮೇಲೆ, ಕಪ್ಪು ಕಡ್ಡಿ ನೆಗೆಟಿವ್ ಮೇಲೆ, ನೇರ ಬ್ಯಾಟರಿಯ ಟರ್ಮಿನಲ್ಲಿಗೇ ಹಿಡಿ. ಡ್ಯಾಶ್‌ಬೋರ್ಡಿನ ನಾಲ್ಕು ಚುಕ್ಕಿ ದೀಪವನ್ನು ನಂಬಬೇಡ. ಪ್ಲಗ್ ಚುಚ್ಚಿದ ಮೇಲೆ 13.2ರಿಂದ 13.8ರ ನಡುವೆ ತೋರಿಸಿದರೆ ಚಾರ್ಜ್ ತಲುಪುತ್ತಿದೆ. 12.6 ತೋರಿಸಿ ನಿಧಾನಕ್ಕೆ ಇಳಿಯುತ್ತಿದ್ದರೆ ತಲುಪುತ್ತಿಲ್ಲ. ಎರಡೂ ಕಡೆ, ಮುಂದಿನದಕ್ಕೂ ಮನೆಯದಕ್ಕೂ ಬೇರೆಬೇರೆಯಾಗಿ ನೋಡು. ಚಾರ್ಜು, ಲೋಡು ಎರಡೂ ಬಿಚ್ಚಿ ಒಂದು ರಾತ್ರಿ ಸುಮ್ಮನೆ ಬಿಟ್ಟು ನೋಡಿದರೆ ಬ್ಯಾಟರಿಯ ನಿಜ ಗೊತ್ತಾಗುತ್ತದೆ. 12.6, 12.7 ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. ಆರು ವೋಲ್ಟಿನದನ್ನು ಒಂದೊಂದಾಗಿ ಹಿಡಿದರೆ ಇದರ ಅರ್ಧ ಬರುತ್ತದೆ. ನೋಡು, ತುಂಬಿದ್ದಕ್ಕೂ ಬರಿದಾಗುತ್ತಿರುವುದಕ್ಕೂ ಅರ್ಧ ವೋಲ್ಟಿನ ವ್ಯತ್ಯಾಸ ಅಷ್ಟೇ. ಕಣ್ಣಂದಾಜಿಗೆ ಸಿಕ್ಕುವ ವಿಷಯವಲ್ಲ ಇದು. ನಾನಂತೂ 12.4ಕ್ಕಿಂತ ಕೆಳಗಿಳಿಯಲು ಬಿಡುವುದಿಲ್ಲ.

ಪ್ಲಗ್ಗನ್ನೇ ಬೇಡ ಅನ್ನುತ್ತಿಲ್ಲ. ಮನೆಯಲ್ಲಿ ಜನ ಇದ್ದು, ಒಳ್ಳೆಯ ಚಾರ್ಜರ್ ಇದ್ದರೆ ಅದಕ್ಕಿಂತ ಸುಖ ಇಲ್ಲ. ಹೊಸ ಕಾಲದ ಚಾರ್ಜರ್ ಮೊದಲು ಜೋರಾಗಿ ತುಂಬಿಸಿ, ಆಮೇಲೆ 14.4ರ ಸುತ್ತ ಹಿಡಿದು, ತುಂಬಿದ ಮೇಲೆ 13.2, 13.5ಕ್ಕೆ ತಾನೇ ಇಳಿದು ಕೂರುತ್ತದೆ. ಹಳೆಯ ಕನ್ವರ್ಟರುಗಳಿಗೆ, ಅಗ್ಗದ ಟ್ರಿಕಲ್ ಚಾರ್ಜರುಗಳಿಗೆ ಈ ಬುದ್ಧಿ ಇಲ್ಲ. ಬ್ಯಾಟರಿ ತುಂಬಿದರೂ ದೂಡುತ್ತಲೇ ಇರುತ್ತವೆ, ಒಳಗಿನ ನೀರು ಹೈಡ್ರೋಜನ್ ಆಕ್ಸಿಜನ್ ಆಗಿ ಹಾರಿಹೋಗಿ ಪ್ಲೇಟಿನ ತಲೆ ಬತ್ತಲಾಗುತ್ತದೆ. ಹಸಿದು ಸಾಯುವ ಬ್ಯಾಟರಿಯ ಹಾಗೆ ತಿಂದು ತಿಂದು ಸಾಯುವುದೂ ಉಂಟು. ನಿಮ್ಮ ಗಾಡಿ ಎಷ್ಟು ಕೈ ಬದಲಾಗಿದೆಯೋ, ಒಳಗೆ ಯಾವ ಕನ್ವರ್ಟರು ಇದೆಯೋ, ನಾವಿಬ್ಬರೂ ನೋಡಿಲ್ಲ. ನೋಡದ್ದನ್ನು ಐದು ತಿಂಗಳು ನಂಬಿ ಹೋಗಬೇಡ.

ಸೋಲಾರ್ ಪ್ಯಾನಲ್ಲು ಇದೆಯಲ್ಲ ಅಂತ ಅಳಿಯಂದಿರು ಅನ್ನಬಹುದು. ಅರಿಜೋನಾದಲ್ಲಾದರೆ ಸರಿ. ಇಲ್ಲಿ ಡಿಸೆಂಬರಿನಲ್ಲಿ ಸೂರ್ಯ ಏಳುವುದೇ ತಡ, ಬೇಗ ಮುಳುಗುತ್ತಾನೆ, ಚಾವಣಿಯ ಮೇಲೆ ಒಂದು ಗೇಣು ಹಿಮ ಕೂತರೆ ಪ್ಯಾನಲ್ಲೂ ಒಂದೇ ತಗಡೂ ಒಂದೇ.

ಹಾಗಾಗಿ ನಿಮಗೆ ನಾನು ಹೇಳುವುದು ಇದು: ಪೂರ್ತಿ ತುಂಬಿಸಿ, ಪೂರ್ತಿ ಬಿಚ್ಚಿಟ್ಟು ಹೋಗಿ. ಹೊರಡುವ ಎರಡು ದಿನ ಮುಂಚೆ ಎಲ್ಲ ಬ್ಯಾಟರಿಯನ್ನೂ ನಿಧಾನಕ್ಕೆ ಚಾರ್ಜ್ ಮಾಡಿ. ಕೊನೆಯ ನೂರಕ್ಕೆ ಇಪ್ಪತ್ತು ಭಾಗ ತುಂಬಲು ಗಂಟೆಗಟ್ಟಲೆ ಹಿಡಿಯುತ್ತದೆ, ಅವಸರ ಮಾಡಬೇಡ. ನೀರು ಹಾಕುವುದು ಚಾರ್ಜ್ ಆದ ಮೇಲೆ. ಮೊದಲೇ ಕಂಠದವರೆಗೆ ಹಾಕಿದರೆ ಚಾರ್ಜ್ ಆಗುವಾಗ ಹಿಗ್ಗಿ ಆಸಿಡ್ ಉಕ್ಕುತ್ತದೆ. ಪ್ಲೇಟು ಬತ್ತಲೆ ಕಂಡರೆ ಮಾತ್ರ ಮುಚ್ಚುವಷ್ಟು ಹಾಕಿ ಚಾರ್ಜಿಗೆ ಕೂರಿಸು. ಡಿಸ್ಟಿಲ್ಡ್ ವಾಟರೇ ಆಗಬೇಕು, ನಲ್ಲಿ ನೀರಿನ ಸುಣ್ಣ ಕಬ್ಬಿಣ ಪ್ಲೇಟಿಗೆ ವಿಷ. ಆಸಿಡ್ ಯಾವತ್ತೂ ಸೇರಿಸಬಾರದು, ಬ್ಯಾಟರಿಯಿಂದ ಕಳೆದುಹೋಗುವುದು ನೀರು ಮಾತ್ರ. ಆಮೇಲೆ ಪ್ರತಿ ಸೆಲ್ಲಿನ ಗ್ರಾವಿಟಿ. ಒಂದು ಸೆಲ್ಲು ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಆ ಬ್ಯಾಟರಿಯ ಆಯಸ್ಸು ಮುಗಿಯುತ್ತಿದೆ, ಅದನ್ನು ಚಳಿಗಾಲ ದಾಟಿಸುವ ಆಸೆ ಇಟ್ಟುಕೊಳ್ಳಬೇಡ.

ಬಿಚ್ಚುವ ಮುಂಚೆ ಕೈಯ ಚಿನ್ನದ ಬಳೆ, ಉಂಗುರ, ಕತ್ತಿನ ಸರ ತೆಗೆದು ಒಳಗಿಡು. ಇದನ್ನು ಮಾತ್ರ ಮರೆಯಬೇಡ ಕಣಮ್ಮ. ಪಾಸಿಟಿವ್‌ಗೂ ಗಾಡಿಯ ಮೈಗೂ ನಡುವೆ ಬಳೆ ಸಿಕ್ಕಿದರೆ ಕ್ಷಣದಲ್ಲಿ ಕೆಂಪಗೆ ಕಾದು ಕೈಗೇ ಅಂಟುತ್ತದೆ. ಕನ್ನಡಕ ಹಾಕಿಕೋ. ಮೊದಲು ಬಿಚ್ಚುವುದು ನೆಗೆಟಿವ್, ಮತ್ತೆ ಹಾಕುವಾಗ ಕೊನೆಗೆ ಹಾಕುವುದೂ ನೆಗೆಟಿವ್. ಗಾಡಿಯ ಕಬ್ಬಿಣದ ಮೈಯೆಲ್ಲ ನೆಗೆಟಿವ್‌ಗೇ ಸೇರಿದ್ದು, ಹಾಗಾಗಿ ನೆಗೆಟಿವ್ ಬಿಚ್ಚಿದ ಮೇಲೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರು ಗಾಡಿಯ ಮೈಗೆ ತಗುಲಿದರೂ ಕಿಡಿ ಏಳುವುದಿಲ್ಲ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಏಳುತ್ತಿರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಭಾಗ ಸೇರಿದರೆ ಒಂದು ಕಿಡಿಗೆ ಸಿಡಿಯುತ್ತದೆ. ಗೂಡಿನ ಬಾಗಿಲು ತೆರೆದೇ ಇರಲಿ. ಎರಡು ಆರು ವೋಲ್ಟಿನವನ್ನು ಕೂಡಿಸಿದ ತುಂಡು ಕೇಬಲ್ ಹೇಗಿದೆ ಎಂದು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡೇ ಬಿಚ್ಚು, ಐದು ತಿಂಗಳಾದ ಮೇಲೆ ನೆನಪಿರುವುದಿಲ್ಲ. ಬ್ಯಾಟರಿ ಬಿಚ್ಚಿದರೆ ಗ್ಯಾಸ್ ಡಿಟೆಕ್ಟರೂ ನಿಲ್ಲುತ್ತದೆ, ಆದ್ದರಿಂದ ಪ್ರೊಪೇನ್ ಟ್ಯಾಂಕಿನ ಮುಖ್ಯ ವಾಲ್ವು ಬಿಗಿಯಾಗಿ ಮುಚ್ಚಿರಬೇಕು.

ಮನೆ ಬ್ಯಾಟರಿ ಎರಡನ್ನೂ ಗ್ಯಾರೇಜಿಗೆ ಇಳಿಸಿಬಿಡೋಣ. ಕಾಂಕ್ರೀಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಹೆದರಬೇಡ. ತಾತನೂ ಹಲಗೆಯ ಮೇಲೇ ಇಡುತ್ತಿದ್ದರು, ಅವರ ಕಾಲಕ್ಕೆ ಅದು ಸರಿಯಾಗಿತ್ತು. ಆಗಿನ ಡಬ್ಬಿಗಳು ಗಟ್ಟಿ ರಬ್ಬರಿನವು, ಅದಕ್ಕೂ ಹಿಂದಿನವು ಮರದವು, ತೇವ ಹಿಡಿದು ಹೊರಗಿನಿಂದ ಕರೆಂಟು ಸೋರಲು ದಾರಿಯಿತ್ತು. ಈಗಿನ ಪಾಲಿಪ್ರೊಪಿಲೀನ್ ಡಬ್ಬಿಗೆ ಆ ತೊಂದರೆ ಇಲ್ಲ. ಮೇಲ್ಭಾಗ ಒರೆಸಿ ಒಣಗಿಸಿಟ್ಟರೆ ಸಾಕು, ಟರ್ಮಿನಲ್ಲುಗಳ ನಡುವಿನ ಆಸಿಡ್ ಕೊಳೆಯೇ ನಿಜವಾದ ಸೋರಿಕೆ.

ಇನ್ನೊಂದು ಮಾತು ನಿಮ್ಮ ಪಕ್ಕದ ಮನೆಯವರದ್ದು. ತಿಂಗಳಿಗೊಮ್ಮೆ ಬಂದು ಹತ್ತು ನಿಮಿಷ ಎಂಜಿನ್ ಓಡಿಸುತ್ತೇನೆ ಅಂದರಂತೆ. ಒಳ್ಳೆಯ ಮನಸ್ಸು, ಆದರೆ ಬೇಡ ಅನ್ನು. ಹತ್ತು ನಿಮಿಷದಲ್ಲಿ ಬ್ಯಾಟರಿ ತುಂಬುವುದಿಲ್ಲ. ಕಾಯದ ಎಂಜಿನ್ನಿನ ಹೊಗೆಯ ತೇವ ಮಾತ್ರ ಎಣ್ಣೆಯಲ್ಲಿ, ಸೈಲೆನ್ಸರಿನಲ್ಲಿ ಉಳಿದುಕೊಳ್ಳುತ್ತದೆ.

ಅಳಿಯಂದಿರು ಮುಂದಿನ ವರ್ಷ ಲಿಥಿಯಂ ಹಾಕಿಸೋಣ ಅಂತಿದ್ದಾರೆ ಅಂದೆ. ಹಾಕಿಸಲಿ. ತೂಕ ಅರ್ಧಕ್ಕಿಂತ ಕಡಿಮೆ, ನೀರಿನ ರಗಳೆ ಇಲ್ಲ. ಗಾಡಿಗೆ ಹಾಕುವುದು ಲಿಥಿಯಂ ಐರನ್ ಫಾಸ್ಫೇಟ್ ಜಾತಿ. ಆ ವಸ್ತುವನ್ನು ಜಗತ್ತಿಗೆ ತೋರಿಸಿದ 1997ರ ಪ್ರಬಂಧ ಟೆಕ್ಸಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್ ಅವರ ತಂಡದ್ದು, 2019ರಲ್ಲಿ ನೊಬೆಲ್ ಪಡೆದರಲ್ಲ ಅವರೇ. ಅದರ ಲೇಖಕರಲ್ಲಿ ಕೆ. ಎಸ್. ನಂಜುಂಡಸ್ವಾಮಿ ಎಂಬ ಹೆಸರೂ ಇದೆ. ನಮ್ಮ ಕಡೆಯ ಊರೂರಿನಲ್ಲೂ ಕೇಳುವ ಆ ಹೆಸರನ್ನು ಅಲ್ಲಿ ಓದಿದ ದಿನ ನನಗೆ ಎಷ್ಟು ಸಂತೋಷವಾಯಿತು ಅಂತ ಹೇಳಲಾರೆ. ಆದರೆ ಲಿಥಿಯಂ ಬ್ಯಾಟರಿಯ ನಡೆ ಸೀಸದ್ದಕ್ಕೆ ಪೂರ್ತಿ ತಿರುವುಮುರುವು. ತುಂಬಿಸಿ ಇಡಬಾರದು, ಅರ್ಧದಿಂದ ಸ್ವಲ್ಪ ಮೇಲಕ್ಕೆ ತಂದು ಬಿಚ್ಚಿಡಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಯಾವ ಕಾರಣಕ್ಕೂ ಚಾರ್ಜ್ ಮಾಡಬಾರದು. ಮಾಡಿದರೆ ಲಿಥಿಯಂ ಲೋಹವಾಗಿ ಒಳಗಿನ ಗ್ರಾಫೈಟಿನ ಮೇಲೆ ಮೆತ್ತಿಕೊಳ್ಳುತ್ತದೆ, ಅದು ಮತ್ತೆ ಬಿಡುವುದಿಲ್ಲ. ಒಳ್ಳೆಯ ಬ್ಯಾಟರಿಯಲ್ಲಿ ಅದನ್ನು ತಡೆಯುವ ಸರ್ಕ್ಯೂಟು ಇರುತ್ತದೆ, ಕೊಳ್ಳುವಾಗ ಕೇಳಿಯೇ ಕೊಳ್ಳಲಿ. ಈ ವರ್ಷದ ಬುದ್ಧಿವಾದವನ್ನು ಮುಂದಿನ ವರ್ಷ ಅದಕ್ಕೆ ಹಚ್ಚಬೇಡಿ.

ಎಲ್ಲಕ್ಕಿಂತ ಮುಖ್ಯವಾದ್ದು, ಎಲ್ಲೋ ಏನೋ ತಪ್ಪಿ ಬ್ಯಾಟರಿ ಹೆಪ್ಪುಗಟ್ಟಿದ್ದು ಕಂಡರೆ, ಡಬ್ಬಿ ಉಬ್ಬಿದ್ದರೆ, ಅದಕ್ಕೆ ಚಾರ್ಜರ್ ತಗುಲಿಸಲೇಬೇಡಿ. ಸಿಡಿಯುತ್ತದೆ. ತಾನಾಗಿ ಕರಗಲಿ, ಬಿರುಕು ಇದೆಯೇ ನೋಡಿ, ಇದ್ದರೆ ಅಂಗಡಿಗೆ ಹಿಂದಿರುಗಿಸಿ. ಹಳೆಯ ಬ್ಯಾಟರಿಯ ಸೀಸವನ್ನು ಮತ್ತೆ ಬಳಸುತ್ತಾರೆ, ಕಸಕ್ಕೆ ಎಸೆಯಬಾರದು.

ನೀವು ಹೊರಡುವ ಹಿಂದಿನ ಶನಿವಾರ ನಾನು ಬರುತ್ತೇನೆ. ತಾತನ ಹೈಡ್ರೋಮೀಟರು ನನ್ನ ಹತ್ತಿರವೇ ಇದೆ, ರಬ್ಬರ್ ಬುರುಡೆ ಮಾತ್ರ ಹೊಸದು ಹಾಕಿಸಿದ್ದೇನೆ. ಈ ಸಲ ಗ್ರಾವಿಟಿ ಓದುವುದು ನೀನು, ನಾನು ಟಾರ್ಚ್ ಹಿಡಿಯುತ್ತೇನೆ. ಪ್ರತಿ ಬ್ಯಾಟರಿಯ ಮೇಲೆ ಅಗಲದ ಟೇಪು ಅಂಟಿಸಿ ತಾರೀಕು, ವೋಲ್ಟೇಜು ಬರೆಯೋಣ. ಡಿಸೆಂಬರಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ನಾನು ಬಂದು ಮೀಟರ್ ಹಿಡಿದು, ಟೇಪಿನ ಮೇಲೆ ಮುಂದಿನ ಸಾಲು ಬರೆದು, ಫೋಟೋ ತೆಗೆದು ಮೈಸೂರಿಗೆ ಕಳಿಸುತ್ತೇನೆ. 12.4 ಮುಟ್ಟಿದರೆ ಅಲ್ಲೇ ಕೂತು ಚಾರ್ಜ್ ಮಾಡಿಯೇ ಹೊರಡುತ್ತೇನೆ. ಗ್ಯಾರೇಜಿನ ಕೀ ಒಂದು ನನಗೆ ಕೊಟ್ಟುಹೋಗು. ಡಿಸ್ಟಿಲ್ಡ್ ವಾಟರ್ ಎರಡು ಕ್ಯಾನು ತಂದಿಟ್ಟಿರು, ಒಂದು ಡಬ್ಬಿ ಅಡುಗೆ ಸೋಡಾನೂ.

ನಿನ್ನ ಚಿಕ್ಕಪ್ಪ